ಜಪಾನಿನಲ್ಲಿ ನನ್ನನ್ನು ಕುರ್ಚಿಗೆ ಕಟ್ಟಿದರು

ಹಳಿಯಾಳ

ಜಪಾನಿಗೆ ಹೋಗಿ ಬಂದವರೆಲ್ಲ ಚೆರಿ ಹೂವಿನ ಮಾತಾಡುತ್ತಾರೆ. ನಾವು ಹೋಗುವಷ್ಟರಲ್ಲಿ ಹೂವಿನ ಕಾಲ ಮುಗಿದಿತ್ತು. ಅಲ್ಲಿನ ಹೆಸರಾಂತ ರೈಲನ್ನು ದೂರದಿಂದ ನೋಡಿದೆ, ಹತ್ತಲಿಲ್ಲ. ಹದಿಮೂರು ದಿನ ಇದ್ದು ನಾನು ಊರಿಗೆ ತಂದದ್ದು ಒಂದು ಪೆಟ್ಟಿಗೆ ಬಟ್ಟೆ ಮತ್ತು ಇನ್ನೂ ಇಳಿಯದ ಸಿಟ್ಟು. ಆ ಸಿಟ್ಟು ಯಾರ ಮೇಲೆ ಎಂಬುದು ಐದನೆಯ ದಿನ ಬದಲಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮುಂಡಗೋಡದವಳು. ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದೆ, ಅದರಲ್ಲಿ ಅರ್ಧ ಜೋಯ್ಡಾದ ಕಾಡಿನೊಳಗೆ. ನಿವೃತ್ತಿಯಾದ ಮೇಲೆ ದಾಂಡೇಲಿಯ ಅಂಬೇವಾಡಿಯಲ್ಲಿ ಹಿರಿಯರ ವಸತಿಯೊಂದನ್ನು ನೋಡಿಕೊಳ್ಳುತ್ತಿದ್ದೇನೆ. ಅದನ್ನು ವೃದ್ಧಾಶ್ರಮ ಎನ್ನಬಾರದೆಂದು ಟ್ರಸ್ಟಿನವರ ಅಪ್ಪಣೆ. ಹದಿನೆಂಟು ಜನ ಹಿರಿಯರಿದ್ದಾರೆ. ಹಾಸಿಗೆ ಹಿಡಿದವರಲ್ಲ, ಸ್ನಾನಕ್ಕೆ, ಗುಳಿಗೆಗೆ, ಮೆಟ್ಟಿಲಿಗೆ ಒಂದು ಕೈ ಬೇಕಾದವರು. ಆ ಕೈ ಕೊಡಲು ನಾಲ್ವರು ಕೆಲಸದವರಿದ್ದಾರೆ. ಎಲ್ಲರಿಗಿಂತ ಹಳಬಳು ಲೂಸಿ. ಹಳಿಯಾಳ ತಾಲೂಕಿನ ಒಂದು ಸಿದ್ದಿ ಕೇರಿಯವಳು, ಹಿರೀಕರು ಎಂದೋ ಆಫ್ರಿಕಾದಿಂದ ಬಂದವರು. ವಯಸ್ಸು ನಲವತ್ತಾರು, ಶಾಲೆ ಆರನೆಯ ಇಯತ್ತೆಯವರೆಗೆ. ನಾನು ಬರುವುದಕ್ಕೆ ಏಳು ವರ್ಷ ಮೊದಲೇ ಅವಳು ಅಲ್ಲಿದ್ದಳು.

ಜಪಾನಿನ ತರಬೇತಿ ಕೇಂದ್ರವೊಂದು ನಮ್ಮಂಥ ಮನೆಗಳಿಂದ ಇಬ್ಬಿಬ್ಬರನ್ನು ಕರೆದಿತ್ತು. ಒಬ್ಬರು ವ್ಯವಸ್ಥಾಪಕರು, ಒಬ್ಬರು ಕೈಯಾರೆ ಆರೈಕೆ ಮಾಡುವವರು. ಹುಬ್ಬಳ್ಳಿಯಲ್ಲಿರುವ ನಮ್ಮ ಟ್ರಸ್ಟಿನ ಕಾರ್ಯದರ್ಶಿಗಳು ಎರಡನೆಯ ಜಾಗಕ್ಕೆ ತಮ್ಮ ತಂಗಿಯ ಮಗಳ ಹೆಸರು ಬರೆದರು. ಆ ಹುಡುಗಿ ನಮ್ಮ ಮನೆಯ ಹೊಸ್ತಿಲು ತುಳಿದದ್ದು ಒಂದೇ ಸಲ, ವಾರ್ಷಿಕೋತ್ಸವದ ದಿನ, ಫೋಟೋ ತೆಗೆಯಲು. ನಾನು ಒಪ್ಪಲಿಲ್ಲ. ಮೂರು ಸಲ ಹುಬ್ಬಳ್ಳಿಗೆ ಹೋಗಿ ಜಗಳ ಆಡಿದ ಮೇಲೆ ಲೂಸಿಯ ಹೆಸರು ಬಂತು.

ಹಳಿಯಾಳದ ಬಸ್ ನಿಲ್ದಾಣದಲ್ಲಿ ಲೂಸಿ ಗಂಡನ ಜೊತೆ ಕಾಯುತ್ತಿದ್ದಳು. ಹೊಸ ಸೀರೆ, ಹೊಸ ಚಪ್ಪಲಿ, ತಂಗಿಯಿಂದ ಇಸಕೊಂಡ ಸ್ವೆಟರ್. ನನ್ನನ್ನು ಕಂಡವಳೇ ಪಕ್ಕಕ್ಕೆ ಕರೆದಳು.

"ಸಿಸ್ಟರ್, ಇನ್ನೊಮ್ಮೆ ವಿಚಾರ ಮಾಡ್ರಿ. ನನ್ನ ಬದ್ಲಿ ಆ ಹುಡಿಗಿ ಹೋದ್ರ ಅಕಿಗೆ ಇಂಗ್ಲಿಷ್ ಆದ್ರೂ ಬರ್ತೈತಿ."

"ಅಕಿ ಯಾವತ್ತರ ಒಬ್ಬ ಮುದುಕನ ಉಚ್ಚಿ ಬಳದಾಳೇನು?"

ಲೂಸಿ ನಕ್ಕಳು. ಗಂಡನ ಕೈಯಿಂದ ಚೀಲ ಇಸಕೊಂಡು ಬಸ್ ಹತ್ತಿದಳು. ಹೊರಗೆ ಕಬ್ಬಿನ ಲಾರಿಗಳು ದಾರಿ ಕಟ್ಟಿಕೊಂಡು ನಿಂತಿದ್ದವು. ಅವು ಸರಿಯುವ ತನಕ ಗಂಡ ಕಿಟಕಿಯ ಕೆಳಗೆ ನಿಂತು ಅವಳೊಡನೆ ಕೊಂಕಣಿ ಬೆರೆತ ತಮ್ಮ ಮಾತಿನಲ್ಲಿ ಏನೇನೋ ಹೇಳುತ್ತಲೇ ಇದ್ದ. ನನಗೆ ತಿಳಿದದ್ದು 'ಚಳಿ' ಎನ್ನುವುದೊಂದೇ.

ವಿಮಾನ ನಿಲ್ದಾಣ

ದೇಶ ಬಿಡುವ ಮೊದಲು ನನ್ನ ಪಾಸ್‌ಪೋರ್ಟಿನ ಮೇಲೆ ಠಸ್ಸೆ ಬೀಳಲು ಅರ್ಧ ನಿಮಿಷ ಸಾಕಾಯಿತು. ಲೂಸಿಯ ಸರದಿ ಬಂದಾಗ ಗಾಜಿನ ಆಚೆಯ ಅಧಿಕಾರಿ ಪಾಸ್‌ಪೋರ್ಟ್ ನೋಡಿದ, ಮುಖ ನೋಡಿದ, ಮತ್ತೆ ಪಾಸ್‌ಪೋರ್ಟ್ ನೋಡಿದ. ಇಂಗ್ಲಿಷಿನಲ್ಲಿ ಕೇಳಿದ, ಯಾವ ದೇಶ?

"ಹಳಿಯಾಳ ರೀ," ಎಂದಳು ಲೂಸಿ.

"ಕನ್ನಡ ಬರುತ್ತಾ ನಿಮಗೆ? ಏನಾದ್ರೂ ಮಾತಾಡಿ ನೋಡೋಣ."

"ಏನ ಮಾತಾಡ್ಲಿ? ನನಗ ಬರೂ ಕನ್ನಡಾ ನಿಮಗ ತಿಳೀತೈತೋ ಇಲ್ಲೋ."

ಅವನಿಗೆ ಸಮಾಧಾನವಾಗಲಿಲ್ಲ. ತಂದೆಯ ಊರು ಕೇಳಿದ, ತಾಯಿಯ ಊರು ಕೇಳಿದ, ಅಜ್ಜನ ಊರು ಕೇಳಿದ. ನನ್ನ ಅಜ್ಜ ಎಲ್ಲಿಯವನೆಂದು ಯಾಕೆ ಕೇಳಲಿಲ್ಲ? ನಾನು ಆಗಲೇ ಗೆರೆ ದಾಟಿ ಹೋಗಿದ್ದವಳು ತಿರುಗಿ ಬಂದೆ. "ಅವಳಿಗೆ ಕೇಳಿದ್ದನ್ನೆಲ್ಲ ನನಗೂ ಕೇಳಿ. ನಾನೂ ಕಾಯುತ್ತೇನೆ," ಎಂದೆ. ಹಿಂದಿನ ಸಾಲಿನವರು ಗೊಣಗತೊಡಗಿದರು. ಅಧಿಕಾರಿ ನನ್ನ ಕಡೆ ನೋಡದೆ ಲೂಸಿಗೆ ಹೇಳಿದ, "ರಾಷ್ಟ್ರಗೀತೆ ಬರುತ್ತಾ? ಹೇಳಿ."

ಲೂಸಿ ಚೀಲ ಕೆಳಗಿಟ್ಟಳು. "ಹೇಳ್ತೇನ್ರಿ. ಆದ್ರ ನೀವು ಎದ್ದು ನಿಂದರಬೇಕಾಕ್ಕೈತಿ."

ಠಸ್ಸೆ ಬಿತ್ತು.

ಗೆರೆ ದಾಟಿದ ಮೇಲೂ ನಾನು ಬೈಯುತ್ತಲೇ ಇದ್ದೆ. ಲೂಸಿಯೇ ನನ್ನನ್ನು ಕುರ್ಚಿಯೊಂದರಲ್ಲಿ ಕೂರಿಸಿ ನೀರು ಕೊಟ್ಟಳು. "ಬಿಡ್ರಿ ಸಿಸ್ಟರ್. ಧಾರವಾಡ ಬಸ್ ಸ್ಟ್ಯಾಂಡಿನ್ಯಾಗೂ ಇದನ್ನ ಕೇಳ್ತಾರ. ಧಾರವಾಡ ನಮ್ಮೂರಿಂದ ಎಷ್ಟ ದೂರ ಐತಿ? ಇದು ವಿಮಾನ, ಕೇಳ್ದ ಇರ್ತಾರೇನು?" ಇಷ್ಟು ಶಾಂತವಾಗಿ ಹೇಳಿದ್ದಕ್ಕೆ ಅವಳ ಮೇಲೂ ನನಗೆ ಸಿಟ್ಟು ಬಂತು.

ಫುಕುವೋಕಾದಿಂದ ಒಂದು ತಾಸು

ನಮ್ಮನ್ನು ಕರೆದೊಯ್ದದ್ದು ಫುಕುವೋಕಾ ನಗರದಿಂದ ಒಂದು ತಾಸಿನ ದಾರಿಯ ಸಣ್ಣ ಪಟ್ಟಣಕ್ಕೆ. ಹಿರಿಯರ ಮನೆ, ಅದರ ಪಕ್ಕದಲ್ಲೇ ತರಬೇತಿಯ ಕಟ್ಟಡ. ಸುತ್ತ ಗದ್ದೆ. ಹಿಂದೆ ಗುಡ್ಡ. ಗದ್ದೆಯ ಬದಿಯಲ್ಲೂ ತಂಪು ಚಹಾ ಕೊಡುವ ಯಂತ್ರವೊಂದು ಒಂಟಿಯಾಗಿ ನಿಂತಿತ್ತು. ಅದನ್ನು ಯಾರೂ ಒಡೆದಿಲ್ಲವಲ್ಲ ಎಂದು ಲೂಸಿಗೆ ಆಶ್ಚರ್ಯ.

ಮೊದಲ ದಿನವೇ ನನ್ನ ಮಾನ ಹೋಯಿತು. ಬಚ್ಚಲಲ್ಲಿ ಗೋಡೆಯಿಂದ ಒಂದು ಕೆಂಪು ದಾರ ಇಳಿಬಿದ್ದಿತ್ತು. ದೀಪದ್ದೆಂದು ಎಳೆದೆ. ಒಂದು ನಿಮಿಷ ಆಗಿರಲಿಕ್ಕಿಲ್ಲ, ಬಾಗಿಲ ಹೊರಗೆ ಮೂವರು ಓಡಿ ಬಂದು ನಿಂತರು. ಒಬ್ಬಳ ಕೈಯಲ್ಲಿ ಗಾಲಿಕುರ್ಚಿ, ಇನ್ನೊಬ್ಬಳ ಕೈಯಲ್ಲಿ ಕಂಬಳಿ. ನಾನು ಬಿದ್ದಿಲ್ಲ, ಬರೇ ಸ್ನಾನ ಮಾಡುತ್ತಿದ್ದೇನೆ ಎಂದು ಒಳಗಿನಿಂದ ಮೂರು ಭಾಷೆಯಲ್ಲಿ ಕೂಗಿದೆ. ಅವರು ಬಗ್ಗಿ ಬಗ್ಗಿ ನಮಸ್ಕರಿಸಿ ಹೋದರಂತೆ, ಮುಚ್ಚಿದ ಬಾಗಿಲಿಗೆ. ಹೇಳಿದ್ದು ಲೂಸಿ, ಹೊಟ್ಟೆ ಹಿಡಿದುಕೊಂಡು ನಗುತ್ತ.

ಊಟದ ಪಾಡೂ ಅದೇ. ಮೀನಿಲ್ಲದ ಸಾರು ಕೇಳಿದೆ. ಮೀನಿಲ್ಲ ಎಂದು ತಂದುಕೊಟ್ಟರು. ಬಾಯಿಗಿಟ್ಟರೆ ಮೀನಿನದೇ ಘಮ. ತುಂಡು ಇರಲಿಲ್ಲ ನಿಜ, ಆದರೆ ಸಾರು ಕುದಿಸಿದ್ದು ಒಣಮೀನಿನ ನೀರಿನಲ್ಲಿ. ಅಲ್ಲಿಂದ ಹದಿಮೂರು ದಿನ ನಾನು ಅನ್ನ, ಮೂಲಂಗಿ ಉಪ್ಪಿನಕಾಯಿ ಮತ್ತು ಮನೆಯಿಂದ ತಂದ ಶೇಂಗಾ ಚಟ್ನಿಪುಡಿಯ ಮೇಲೆ ಬದುಕಿದೆ. ಲೂಸಿ ಮಾತ್ರ ನನ್ನ ಸಾರನ್ನೂ ಸೇರಿಸಿ ಎರಡೆರಡು ಬಟ್ಟಲು ಕುಡಿದಳು.

ಒಂದು ರೂಢಿ ಮಾತ್ರ ಮೊದಲ ದಿನವೇ ಕಣ್ಣಿಗೆ ಬಿತ್ತು. ಅಲ್ಲಿ ಕೆಲಸದವರು ಕುಳಿತ ಹಿರಿಯರೊಡನೆ ನಿಂತು ಮಾತಾಡುವುದಿಲ್ಲ. ಗುಳಿಗೆ ಕೊಡುವಾಗಲೂ ಮೊದಲು ಮಂಡಿಯೂರಿ, ಕಣ್ಣಿಗೆ ಕಣ್ಣು ಸೇರಿಸಿ, ಹೆಸರು ಹಿಡಿದು ಕರೆದು, ಆಮೇಲೆ ಮಾತು. ನಮ್ಮಲ್ಲಿ ನಾನು ಬಾಗಿಲಲ್ಲಿ ನಿಂತು, "ಎಲ್ಲಾರೂ ಗುಳಿಗಿ ತಗೊಂಡ್ರೇನು?" ಎಂದು ಹದಿನೆಂಟು ಜನಕ್ಕೆ ಒಟ್ಟಿಗೆ ಕೂಗುತ್ತೇನೆ. ನಾಟಕ, ಎಂದುಕೊಂಡೆ. ಬಂದವರಿಗೆ ತೋರಿಸಲು ಮಾಡುತ್ತಾರೆ.

ಮೂರನೆಯ ದಿನ

ವ್ಯವಸ್ಥಾಪಕರಿಗೆ ಮಹಡಿಯ ಮೇಲೆ ಪಾಠ, ಕೈಯಾರೆ ಕೆಲಸ ಮಾಡುವವರಿಗೆ ಕೆಳಗೆ. ಮೇಲೆ ನಾವು ಒಂಬತ್ತು ಜನ: ವಿಯೆಟ್ನಾಂ, ಇಂಡೊನೇಷ್ಯಾ, ನೇಪಾಳ, ಫಿಲಿಪ್ಪೀನ್ಸಿನಿಂದ ಬಂದವರು. ಕೇಂದ್ರದಲ್ಲಿ ಕೆಲಸಕ್ಕಿದ್ದ ದೀಪಾ ಎಂಬ ನೇಪಾಳಿ ಹೆಂಗಸು ಜಪಾನಿಯನ್ನು ಹಿಂದಿಗೆ ತಿರುಗಿಸಿ ನನಗೆ ಹೇಳುತ್ತಿದ್ದಳು. ಮನೆಯವರ ದೂರಿಗೆ ಹೇಗೆ ಉತ್ತರಿಸುವುದು, ವರದಿಯನ್ನು ಹೇಗೆ ಬರೆಯುವುದು, ಖಾಲಿ ಕೋಣೆಯನ್ನು ಹೇಗೆ ತುಂಬುವುದು. ಪರದೆಯ ಮೇಲೆ ಬಣ್ಣ ಬಣ್ಣದ ಚೌಕಗಳು. ಎರಡು ದಿನ ಕಳೆದರೂ ಪರದೆಯ ಮೇಲೆ ಒಬ್ಬ ಮುದುಕನಾಗಲಿ ಮುದುಕಿಯಾಗಲಿ ಬರಲಿಲ್ಲ.

ಮೂರನೆಯ ದಿನ ಊಟದ ಬಿಡುವಿನಲ್ಲಿ ಕೆಳಗಿಳಿದೆ. ಲೂಸಿ ಮಂಚದ ಅಂಚಿಗೆ ಮೊಣಕಾಲು ಕೊಟ್ಟು, ತನ್ನ ಎರಡರಷ್ಟು ತೂಕದ ಫಿಲಿಪ್ಪೀನಿ ಗಂಡಸನ್ನು ಮಂಚದಿಂದ ಕುರ್ಚಿಗೆ ಇಳಿಸುತ್ತಿದ್ದಳು. ಎತ್ತುತ್ತಿರಲಿಲ್ಲ, ಇಳಿಸುತ್ತಿದ್ದಳು. ಅವನ ಭಾರವನ್ನು ಅವನ ಕಾಲಿಗೇ ಒಪ್ಪಿಸಿ, ತಾನು ಬರೇ ತಿರುಗುತ್ತಿದ್ದಳು.

"ಬೆನ್ನಿಲೆ ಎತ್ತಬಾರದಂತ ಸಿಸ್ಟರ್," ಎಂದಳು ಬೆವರೊರೆಸಿಕೊಂಡು. "ಮೊದ್ಲ ಅವರಿಗೆ ಹೇಳಬೇಕಂತ, ಈಗ ಏಳೂಣು ಅಂತ. ಅವರು ತಾವ ಅರ್ಧಾ ಎದ್ದಿರ್ತಾರಂತ. ಉಳದ ಅರ್ಧಾ ಅಷ್ಟ ನಮ್ದು."

ಗೋಡೆಗೆ ಒರಗಿ ನಿಂತೆ. ನನ್ನ ಸೊಂಟದ ಎರಡು ಬಿಲ್ಲೆ ಜರುಗಿ ಎಷ್ಟೋ ವರ್ಷವಾಯಿತು. ಬೆಲ್ಟ್ ಇಲ್ಲದೆ ನಾನು ಬಸ್ ಹತ್ತುವುದಿಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ಜನಗಣತಿ, ಚುನಾವಣೆ, ಕುಟುಂಬ ಯೋಜನೆ, ಎಲ್ಲದಕ್ಕೂ ನನಗೆ ತರಬೇತಿ ಕೊಟ್ಟಿದ್ದರು. ಒಬ್ಬ ಮನುಷ್ಯನನ್ನು ಹಾಸಿಗೆಯಿಂದ ಹೇಗೆ ಎಬ್ಬಿಸಬೇಕೆಂದು ಯಾರೂ ಒಮ್ಮೆಯೂ ತೋರಿಸಲಿಲ್ಲ. 'ನರ್ಸುಗಳಿಗೆ ಸೊಂಟನೋವು ಇದ್ದದ್ದೇ' ಎಂದರು. ಇದ್ದದ್ದೇ ಅಲ್ಲ. ನಲವತ್ತು ನಿಮಿಷದ ಪಾಠ ಅದು.

ಕೇಂದ್ರದ ಮುಖ್ಯಸ್ಥೆ ಮೊರಿತಾ ಎಂಬವರು. ಅರವತ್ತು ದಾಟಿದ, ನನ್ನ ಭುಜಕ್ಕೆ ಬರುವ ಹೆಂಗಸು. ನಾನು ಕೆಳಗೇ ಕಲಿಯುತ್ತೇನೆ ಎಂದೆ. ವ್ಯವಸ್ಥಾಪಕರ ಪಾಠ ಬೇರೆ ಎಂದರು. ಬೇರೆ ಯಾಕೆ ಎಂದೆ. ಕೊನೆಗೆ ಅವರು, ಬೆಳಗ್ಗೆ ಮೇಲೆ, ಮಧ್ಯಾಹ್ನ ಕೆಳಗೆ ಎಂದು ಒಪ್ಪಿದರು.

ಐದನೆಯ ದಿನ

ಆ ಬೆಳಗ್ಗೆ ಮೊರಿತಾ ಅವರು ವ್ಯವಸ್ಥಾಪಕರನ್ನೆಲ್ಲ ಕೆಳಗೆ ಕರೆದು, ಇಂದು ನೀವು ಇಲ್ಲಿನ ನಿವಾಸಿಗಳು ಎಂದರು. ಒಬ್ಬರಿಗೆ ಕಣ್ಣು ಕಟ್ಟಿ ಗಂಜಿ ಉಣಿಸಿದರು. ಒಬ್ಬರಿಗೆ ಡೈಪರ್ ಹಾಕಿದರು. ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಸೊಂಟಕ್ಕೆ ಅಗಲವಾದ ಬಟ್ಟೆಯ ಪಟ್ಟಿ ಸುತ್ತಿ ಹಿಂದೆ ಗಂಟು ಹಾಕಿದರು. ಕುರ್ಚಿಯನ್ನು ಮೊಗಸಾಲೆಯ ಗೋಡೆಗೆ ಹಚ್ಚಿ, ಹದಿನೈದು ನಿಮಿಷ ಎಂದು ಹೇಳಿ ಹೋದರು. ದೀಪಾಳನ್ನೂ ಕರೆದುಕೊಂಡು ಹೋದರು.

ಮೊದಲ ಹತ್ತು ನಿಮಿಷ ನನಗೆ ನಗು. ಎದುರಿಗೆ ಗಡಿಯಾರ ಇತ್ತು. ಹದಿನೈದಾಯಿತು, ಯಾರೂ ಬರಲಿಲ್ಲ. ಇಪ್ಪತ್ತಾಯಿತು. ಪಟ್ಟಿ ಬಿಗಿಯಾಗಿರಲಿಲ್ಲ, ನೋವೂ ಇರಲಿಲ್ಲ. ಆದರೆ ಮುಂದಕ್ಕೆ ಬಾಗಲು ಬರುತ್ತಿರಲಿಲ್ಲ. ಮೂಗಿನ ಮೇಲಿಂದ ಕನ್ನಡಕ ಜಾರಿ ತೊಡೆಗೆ, ತೊಡೆಯಿಂದ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಆಗಲಿಲ್ಲ. ಗಡಿಯಾರವೂ ಮಸುಕಾಯಿತು.

ಆಮೇಲೆ ಒಂದಕ್ಕೆ ಬಂತು. ಸಕ್ಕರೆ ಕಾಯಿಲೆಯವಳು ನಾನು, ಬಂದರೆ ತಡೆಯಲಾಗುವುದಿಲ್ಲ. ಕೆಲಸದವಳೊಬ್ಬಳು ಹಾದು ಹೋದಳು. ಕೈ ಎತ್ತಿದೆ. ಅವಳು ನಗುತ್ತ, "ಚೊತ್ತೊ ಮತ್ತೆ," ಎಂದು ಹೋದಳು. ಸ್ವಲ್ಪ ತಾಳಿ ಎಂದರ್ಥ. ಆ ಹೊತ್ತಿಗೆ ನನಗೆ ಗೊತ್ತಿದ್ದ ಆರೇಳು ಜಪಾನಿ ಮಾತುಗಳಲ್ಲಿ ಅದೊಂದು. ಇನ್ನೊಬ್ಬ ಬಂದ. ಚೊತ್ತೊ ಮತ್ತೆ. ಮೊದಲ ದಿನ ಒಂದು ದಾರ ಎಳೆದರೆ ಮೂವರು ಓಡಿಬಂದ ಮನೆ ಇದೇನಾ? ಹಿಂದಿಯಲ್ಲಿ ಕೂಗಿದೆ, ಇಂಗ್ಲಿಷಿನಲ್ಲಿ ಕೂಗಿದೆ, ಕೊನೆಗೆ ಅಚ್ಚ ಮುಂಡಗೋಡದ ಬೈಗುಳ ಬಳಸಿದೆ. ಕೂಗಿದಷ್ಟೂ ಅವರು ಇನ್ನಷ್ಟು ಮೆತ್ತಗೆ ನಗುತ್ತಿದ್ದರು. ಹುಚ್ಚಿಯನ್ನು ನೋಡಿ ನಗುವ ನಗು ಅದು. ಅರವತ್ತೆರಡು ವರ್ಷದ ಹೆಂಗಸು ನಾನು, ಅಳು ಬಂತು.

ಆಗ ಲೂಸಿ ಬಂದಳು. ಅವಳಿಗೂ ನನ್ನನ್ನು ದಾಟಿ ಹೋಗು ಎಂದೇ ಹೇಳಿದ್ದರಂತೆ. ಎರಡು ಹೆಜ್ಜೆ ದಾಟಿದಳು ಕೂಡ. ತಿರುಗಿದಳು. ಕನ್ನಡಕ ಎತ್ತಿ ಸೆರಗಿನಲ್ಲಿ ಒರೆಸಿ ನನ್ನ ಮುಖಕ್ಕೆ ಹಾಕಿದಳು. ಹಿಂದೆ ಹೋಗಿ ಗಂಟು ಬಿಚ್ಚಿದಳು. "ಒಂದಕ್ಕ ಬಂದೈತಿ? ಏಳ್ರಿ, ಹೋಗೂಣು."

ಅಷ್ಟರಲ್ಲಿ ತಡವಾಗಿತ್ತು. ಸೀರೆ ಒದ್ದೆಯಾಗಿತ್ತು. ಲೂಸಿ ತನ್ನ ಸ್ವೆಟರ್ ಬಿಚ್ಚಿ ನನ್ನ ಸೊಂಟಕ್ಕೆ ಸುತ್ತಿ ಬಚ್ಚಲಿಗೆ ಕರೆದೊಯ್ದಳು. ಬಟ್ಟೆ ಬದಲಾಯಿಸಿ ಹೊರಬಂದಾಗ ಮೊರಿತಾ ನಿಂತಿದ್ದರು. ನಾನು ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ನೀವು ಮನುಷ್ಯರೇ ಎಂದೆ. ಹದಿನೈದು ಎಂದು ಹೇಳಿ ನಲವತ್ತು ನಿಮಿಷ ಕೂರಿಸಿದಿರಿ ಎಂದೆ. ದೀಪಾ ಅರ್ಧಂಬರ್ಧ ಹೇಳಿರಬೇಕು, ಅವಳ ಮುಖ ಬೆಳ್ಳಗಾಗಿತ್ತು. ಮೊರಿತಾ ಪೂರ್ತಿ ಕೇಳಿದರು. ಸೊಂಟ ಬಗ್ಗಿಸಿ ಕ್ಷಮೆ ಕೇಳಿದರು. ಆಮೇಲೆ, "ಬಿಚ್ಚಿದ್ದು ಯಾಕೆ?" ಎಂದು ಲೂಸಿಯನ್ನು ಕೇಳಿದರು.

"ಅವರು ಕರದ್ರು," ಎಂದಳು ಲೂಸಿ.

ಅದೇ ದಿನ ಸಂಜೆ

ಊರಿಗೆ ಹೋಗೋಣ ಎಂದು ನಾನು ಪೆಟ್ಟಿಗೆ ತೆಗೆದೆ. ಲೂಸಿ ಕಿಟಕಿಯ ಹತ್ತಿರ ನನ್ನ ಸೀರೆ ಒಣಗಹಾಕುತ್ತಿದ್ದಳು. ಬೆನ್ನು ನನ್ನ ಕಡೆಗಿತ್ತು.

"ಸಿಸ್ಟರ್, ಒಂದ ಮಾತ ಅಂದ್ರ ಸಿಟ್ಟಾಗಬ್ಯಾಡ್ರಿ."

"ಹೇಳು."

"ಕಾಶವ್ವಾಯಿನ್ನ ನೀವು ದಿನಾ ಕಟ್ಟಸ್ತೀರಿ."

ಕಾಶವ್ವ ನಮ್ಮ ಅಂಬೇವಾಡಿಯ ಮನೆಯಲ್ಲಿರುವ ಎಂಬತ್ತರ ಹೆಂಗಸು. ಬೆಳಗೆಲ್ಲ ಸುಮ್ಮನೆ ಕೂತಿರುತ್ತಾಳೆ. ಮಧ್ಯಾಹ್ನ ಊಟವಾಗಿ ಎಲ್ಲರೂ ಅಡ್ಡಾಗುವ ಹೊತ್ತಿಗೆ ಸರಿಯಾಗಿ ಎದ್ದು ಹೊರಡುತ್ತಾಳೆ. ಎರಡು ಸಲ ಬಿದ್ದಿದ್ದಳು. ಅವಳ ಮಗ ಬಸವರಾಜ ಬಂದು ಗಲಾಟೆ ಮಾಡಿದ. ಅಂದಿನಿಂದ ನಾನು ಒಂದೂವರೆಯಿಂದ ನಾಲ್ಕರವರೆಗೆ ಹಳೆಯ ಸೀರೆಯಿಂದ ಅವಳನ್ನು ಕುರ್ಚಿಗೆ ಕಟ್ಟಿಸುತ್ತಿದ್ದೆ. ಮೆತ್ತಗಿನ ಸೀರೆ. ಅವಳ ಒಳ್ಳೆಯದಕ್ಕೇ. ಎರಡೂವರೆ ತಾಸು.

"ನಾ ಒಮ್ಮೆ ಬಿಚ್ಚಿದ್ದೆ," ಎಂದಳು ಲೂಸಿ. "ನೀವು ನನಗ ಮೆಮೋ ಕೊಟ್ರಿ. ಅದರಾಗ ಬರದಿದ್ರಿ, ಮೇಲಿನವರ ಸೂಚನೆ ಮೀರಿದ್ದಕ್ಕ ಅಂತ. ನಾ ಅದಕ್ಕ ಸಹಿ ಮಾಡೇನಿ."

ನಾನು ಮಂಚದ ಮೇಲೆ ಕೂತೆ. ಮೆಮೋ ಕೊಟ್ಟದ್ದು ನೆನಪಿತ್ತು. ಯಾಕೆ ಕೊಟ್ಟೆನೆಂಬುದು ನೆನಪಿರಲಿಲ್ಲ.

"ಅವತ್ತು ಯಾಕ ಹೇಳಲಿಲ್ಲ ನೀನು?"

"ಕಾಶವ್ವಾಯಿ ಸುಮ್ನ ಏಳಾಂಗಿಲ್ಲ ಸಿಸ್ಟರ್. ಎರಡರ ಕಾರ್ಖಾನಿ ಭೋಂಗಾ ಕೂಗಿದಕೂಡ್ಲೆ ಏಳ್ತಾಳ. ಅಕಿ ಮೊದ್ಲ ಕಾರ್ಖಾನಿ ಗೇಟಿನ ಮುಂದ ಖಾನಾವಳಿ ನಡಸ್ತಿದ್ಲು. ಭೋಂಗಾ ಆತಂದ್ರ ಪಾಳಿ ಬಿಟ್ಟು ಮಂದಿ ಊಟಕ್ಕ ಬರ್ತಾರ. ಬಡಸಾಕ ಏಳ್ತಾಳ. ನಾ ಇಷ್ಟ ಹೇಳಾಕ ಬಂದಿದ್ದೆ. ನೀವು ಯಾರ ಜೋಡಿನೋ ಫೋನಿನ್ಯಾಗ ಇದ್ರಿ. ಸ್ವಲ್ಪ ತಡಿ ಲೂಸಿ ಅಂದ್ರಿ."

ಮತ್ತೆ ನಾನು ಕರೆಯಲಿಲ್ಲ, ಅವಳು ಬರಲಿಲ್ಲ.

ಬೆಳಗ್ಗೆಯಿಂದ ಮೊರಿತಾ ಅವರ ಮೇಲೆ ಕುದಿಯುತ್ತಿದ್ದ ಸಿಟ್ಟಿಗೆ ಈಗ ಹೋಗಲು ಜಾಗವಿರಲಿಲ್ಲ. ನಲವತ್ತು ನಿಮಿಷಕ್ಕೆ ನಾನು ಒಂದು ದೇಶವನ್ನೇ ಬೈದಿದ್ದೆ. ಹನ್ನೊಂದು ತಿಂಗಳು ಕಾಶವ್ವನನ್ನು ಕಟ್ಟಿಸಿದ್ದೆ. ಲೂಸಿ ಸೀರೆಯ ನೆರಿಗೆ ಬಿಡಿಸಿ, ನನ್ನ ಪೆಟ್ಟಿಗೆಯ ಮುಚ್ಚಳ ತಾನೇ ಹಾಕಿ, ಊಟಕ್ಕೆ ಹೊತ್ತಾಯಿತು ಎಂದಳು.

ಎಂಟನೆಯ ದಿನ

ಎರಡು ದಿನ ನಾನು ಮೊರಿತಾ ಅವರ ಕಣ್ಣು ತಪ್ಪಿಸಿದೆ. ಎಂಟನೆಯ ದಿನ ಅವರೇ ದೀಪಾಳೊಡನೆ ಬಂದು, ಗದ್ದೆಯ ಬದಿಯ ಯಂತ್ರದಿಂದ ಮೂರು ಚಹಾ ತಂದು, ಕಲ್ಲಿನ ಮೇಲೆ ಕೂತರು. ನಾನು ಕಾಶವ್ವನ ಕತೆ ಹೇಳಿದೆ. ಬೈಯುತ್ತಾರೆಂದುಕೊಂಡೆ.

"ನಾನು ಏಳು ವರ್ಷ ಕಟ್ಟಿದ್ದೇನೆ," ಎಂದರು ಮೊರಿತಾ. "ಆಗ ಎಲ್ಲರೂ ಕಟ್ಟುತ್ತಿದ್ದರು. ಒಬ್ಬ ಅಂಚೆಯವನಿದ್ದ, ದಿನವೂ ಬೆಳಗ್ಗೆ ಎದ್ದು ಹೊರಡುತ್ತಿದ್ದ. ಎಲ್ಲಿಗೆ ಹೋಗುತ್ತೀ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಅವನು ಸತ್ತ ಮೇಲೆ ಅವನ ಮಗಳು ಹೇಳಿದಳು, ಕಾಗದ ಹಂಚಲು ಎಂದು."

ಅವರು ಅಳಲಿಲ್ಲ. ಚಹಾ ಮುಗಿಸಿ, ಒಂದು ಹಾಳೆ ತೆಗೆದು ನಾಲ್ಕು ಗೆರೆ ಎಳೆದರು. ಯಾವಾಗ ಎದ್ದರು, ಎಲ್ಲಿಂದ ಎದ್ದರು, ಯಾವ ಕಡೆ ಹೊರಟರು, ಏನಂದರು. ಇದನ್ನು ಬರೆಯಬೇಕಾದವರು ವ್ಯವಸ್ಥಾಪಕರಲ್ಲ, ಪಕ್ಕದಲ್ಲಿರುವವರು ಎಂದರು. ನಮ್ಮ ಮನೆಯಲ್ಲಿ ದಪ್ಪದಪ್ಪ ರಿಜಿಸ್ಟರುಗಳಿವೆ. ಅವುಗಳಲ್ಲಿ ಲೂಸಿಯ ಅಕ್ಷರ ಒಂದೂ ಇಲ್ಲ. ಬರೆಯುವುದು ನನ್ನ ಕೆಲಸ, ಅವಳದು ಒರೆಸುವುದು ಎಂದು ನಾನೇ ಗೆರೆ ಎಳೆದಿದ್ದೆ.

ಆ ಮಧ್ಯಾಹ್ನದಿಂದ ನಾವಿಬ್ಬರೂ ಒಂದೇ ಮಂಚದ ಎರಡು ಬದಿಗೆ ನಿಂತು ಕಲಿತೆವು. ಬಿದ್ದವರನ್ನು ಎಬ್ಬಿಸುವುದು, ಬೀಳುವವರ ಜೊತೆ ಮೆತ್ತಗೆ ನೆಲಕ್ಕಿಳಿಯುವುದು. ಅವಳು ಬೇಗ ಕಲಿತಳು. ನನ್ನನ್ನು ತಿದ್ದಿದಳು. "ಕಾಲ ಅಗಲ ಇಡ್ರಿ ಸಿಸ್ಟರ್, ಇನ್ನೂ ಅಗಲ."

ಕೊನೆಯ ದಿನ

ಪ್ರಮಾಣಪತ್ರ ಕೊಡುವ ದಿನ ಮೇಲಿನ ಒಂಬತ್ತು, ಕೆಳಗಿನ ಒಂಬತ್ತು, ಒಟ್ಟು ಹದಿನೆಂಟು ಹೆಸರಿನ ಬದಲು ಹದಿನೇಳು ಕರೆದರು. ಲೂಸಿ ಕೊನೆಯವರೆಗೆ ಕೈ ಕಟ್ಟಿಕೊಂಡು ಕಾದಳು. ನನ್ನದನ್ನು ನಾನು ತೆಗೆದುಕೊಂಡಿದ್ದೆ. ವಾಪಸು ಕೊಡಬೇಕಿತ್ತು, ವೇದಿಕೆಯ ಮೇಲೆ ಕೈ ತಾನಾಗಿ ಮುಂದೆ ಹೋಯಿತು.

ಕಚೇರಿಯಲ್ಲಿ ಕೇಳಿದರೆ ಕಾಗದ ತೋರಿಸಿದರು. ನಮ್ಮ ಟ್ರಸ್ಟ್ ಕಳಿಸಿದ ಪಟ್ಟಿ. ನನ್ನ ಹೆಸರಿನ ಮುಂದೆ 'ವ್ಯವಸ್ಥಾಪಕಿ'. ಲೂಸಿಯ ಹೆಸರಿನ ಮುಂದೆ 'ವ್ಯವಸ್ಥಾಪಕಿಯ ಸೇವೆಗೆ ಜೊತೆಯಲ್ಲಿ ಬರುವ ಆಯಾ'. ನನ್ನ ಕಾಲು ಒತ್ತಲು ಬಂದವಳು ಎಂಬಂತೆ! ಅಲ್ಲಿಂದಲೇ ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ.

"ಅಕಿ ಆರನೇತ್ತ ಕಲತಾಕಿರೀ ಸಿಸ್ಟರ್," ಎಂದರು ಅವರು. "ಅಕಿಗೆ ಸರ್ಟಿಫಿಕೇಟ್ ಕೊಟ್ರ ನಾಳೆ ನಿಮ್ಮ ಕುರ್ಚಿ ಕೇಳ್ತಾಳ."

"ಕೇಳ್ಲಿ. ನಾ ಆ ಕುರ್ಚಿಯೊಳಗ ಕುಂತು ಮಾಡಿದ್ದು ನಿಮಗ ಗೊತ್ತಿಲ್ಲ, ಅಕಿಗೆ ಗೊತ್ತೈತಿ."

ಫೋನ್ ಕಟ್ಟಾಯಿತು. ಮೊರಿತಾ ಪಟ್ಟಿಯನ್ನು ಎರಡು ಸಲ ಓದಿದರು. ಅವರ ಕಿವಿ ಕೆಂಪಾದದ್ದನ್ನು ನಾನು ಮೊದಲ ಬಾರಿ ನೋಡಿದೆ. ವಿಮಾನಕ್ಕೆ ಇನ್ನೂ ಹೊತ್ತಿತ್ತು. ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿರುವಾಗ ಅವರು ಲೂಸಿಯನ್ನು ಕೆಳಗೆ ಕರೆದೊಯ್ದು, ಒಂದು ತಾಸು ಪರೀಕ್ಷೆ ಮಾಡಿದರು. ಎಬ್ಬಿಸುವುದು, ಉಣಿಸುವುದು, ಸ್ನಾನ. ಪ್ರತಿ ಕೆಲಸದ ಮುಂದೆ ತಮ್ಮ ಕೆಂಪು ಮೊಹರು ಒತ್ತಿದರು. ನಿಮ್ಮ ಟ್ರಸ್ಟಿನಿಂದ ತಿದ್ದಿದ ಒಂದು ಸಾಲು ಬರಲಿ, ಪ್ರಮಾಣಪತ್ರ ಮರುದಿನವೇ ಹೊರಡುತ್ತದೆ ಎಂದರು.

ಅಂಬೇವಾಡಿ

ಆ ಒಂದು ಸಾಲಿಗೆ ಏಳು ವಾರ ಹಿಡಿಯಿತು. ಕಾರ್ಯದರ್ಶಿಗಳು ಊರಲ್ಲಿಲ್ಲ, ಮದುವೆಗೆ ಹೋಗಿದ್ದಾರೆ, ಮೀಟಿಂಗಿನಲ್ಲಿದ್ದಾರೆ. ಕೊನೆಗೆ ನಾನು ಟ್ರಸ್ಟಿನ ಸಭೆಗೇ ಹೋಗಿ, ನನ್ನ ರಾಜೀನಾಮೆಯನ್ನೂ ಆ ಪತ್ರವನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟೆ. ಎರಡರಲ್ಲಿ ಒಂದಕ್ಕೆ ಸಹಿ ಮಾಡಿ ಎಂದೆ. ಕಾರ್ಯದರ್ಶಿಗಳು ಬಹಳ ಹೊತ್ತು ರಾಜೀನಾಮೆಯನ್ನೇ ನೋಡುತ್ತಿದ್ದರು. ಉಳಿದ ಸದಸ್ಯರು ಕೆಮ್ಮಿದ ಮೇಲೆ ಪತ್ರಕ್ಕೆ ಸಹಿ ಬಿತ್ತು. ಪ್ರಮಾಣಪತ್ರ ಬಂದ ದಿನ ಲೂಸಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಾಗ ನನ್ನ ಹೆಸರು ಯಾವುದ್ರಿ?" ಎಂದು ಕೇಳಿದಳು. ತೋರಿಸಿದೆ. ಅದರ ಮೇಲೆ ಬೆರಳಾಡಿಸಿದಳು.

ಅವಳ ಫೈಲಿನಲ್ಲಿದ್ದ ಮೆಮೋದ ಕೆಳಗೆ, 'ಇದನ್ನು ಕೊಟ್ಟದ್ದು ನನ್ನ ತಪ್ಪು' ಎಂದು ಬರೆದು ನಾನು ಸಹಿ ಮಾಡಿದ್ದೇನೆ. ಹರಿದು ಹಾಕಬಹುದಿತ್ತು. ಮುಂದೆ ಬರುವ ವ್ಯವಸ್ಥಾಪಕರು ಓದಲಿ ಎಂದು ಬಿಟ್ಟಿದ್ದೇನೆ.

ಜಪಾನಿನಿಂದ ಬಂದ ಮರುದಿನವೇ ಕಾಶವ್ವನನ್ನು ಕಟ್ಟುವುದು ನಿಂತಿತು. ಎರಡರ ಭೋಂಗಾ ಆದಾಗ ಲೂಸಿ ಅವಳ ಪಕ್ಕ ಮಂಡಿಯೂರಿ, "ಕಾಶವ್ವಾಯಿ, ಮಂದಿ ಬಂದ್ರು, ಏಳೂಣು?" ಎನ್ನುತ್ತಾಳೆ. ಇಬ್ಬರೂ ಅಡಿಗೆಮನೆಗೆ ಹೋಗುತ್ತಾರೆ. ನಾವು ಕೆಲಸದವರು ಆ ಹೊತ್ತಿಗೇ ಊಟಕ್ಕೆ ಕೂಡುತ್ತೇವೆ. ಕಾಶವ್ವ ಬಡಿಸುತ್ತಾಳೆ. ಸಾರು ಚೆಲ್ಲುತ್ತದೆ. ನನಗೆ ಮೂರು ಸಲ ಪಲ್ಯ ಹಾಕಿ, ನಾಲ್ಕನೆಯ ಸಲ, "ನಿನಗ ಹಾಕೇ ಇಲ್ಲಲ್ಲ ತಂಗಿ," ಎನ್ನುತ್ತಾಳೆ.

ಎಲ್ಲವೂ ಸುಸೂತ್ರವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಎರಡನೆಯ ತಿಂಗಳು ಕಾಶವ್ವ ಹೊಸ್ತಿಲಲ್ಲಿ ಎಡವಿ ಬಿದ್ದಳು. ಬಲಗೈ ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತು. ಮರುದಿನ ಬಸವರಾಜ ತಾನು ಓಡಿಸುವ ಲಾರಿಯನ್ನು ಹಳಿಯಾಳದ ರಸ್ತೆಯಲ್ಲೇ ನಿಲ್ಲಿಸಿ ಬಂದ. ಅಂಗಳದಲ್ಲೇ ಕೂಗಾಡಿದ.

"ಜಪಾನಿಗೆ ಹೋಗಿ ಇದನ್ನ ಕಲತ್ ಬಂದ್ರೇನು? ಕಟ್ಟಿಟ್ಟಾಗ ಒಮ್ಮೆನೂ ಬಿದ್ದಿರಲಿಲ್ಲ ನಮ್ಮವ್ವ! ನಾ ಬರದು ತಂದೇನಿ, ಕಟ್ರಿ ಅಂತ. ನನ್ನ ಸಹಿ ಐತಿ. ಇನ್ನೇನ ಬೇಕು ನಿಮಗ?"

ಅವನು ಹೇಳಿದ್ದು ನಿಜ. ಕಟ್ಟಿದಾಗ ಬಿದ್ದಿರಲಿಲ್ಲ. ಆ ಕಾಗದ ತೆಗೆದುಕೊಂಡರೆ ನನ್ನ ಮೇಲೆ ಯಾವ ಹೊಣೆಯೂ ಇಲ್ಲ, ಟ್ರಸ್ಟೂ ಸುಮ್ಮನಾಗುತ್ತದೆ. ಕೈ ಚಾಚಲಿಲ್ಲ. "ನಿಮ್ಮ ಸಹಿ ಸಾಲದು," ಎಂದೆ. "ನಿಮ್ಮವ್ವನ ಸಹಿ ತರ್ರಿ."

ಅಷ್ಟರಲ್ಲಿ ಭೋಂಗಾ ಆಯಿತು. ಒಳಗಿನಿಂದ ಪಾತ್ರೆಯ ಸದ್ದು. ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು, ಎಡಗೈಯಲ್ಲಿ ಸೌಟು ಹಿಡಿದು ಕಾಶವ್ವ ಬಾಗಿಲಿಗೆ ಬಂದಳು. ಒಂದು ಹೆಜ್ಜೆ ಹಿಂದೆ ಲೂಸಿ ಇದ್ದಳು. ಮುಟ್ಟದೆ, ಕೈ ಅಗಲಿಸಿಕೊಂಡು. ಕಾಶವ್ವ ಮಗನನ್ನು ನೋಡಿದಳು. ಗುರುತು ಸಿಕ್ಕಿತೋ ಇಲ್ಲವೋ ನನಗೆ ತಿಳಿಯದು.

"ಯಾವ ಪಾಳ್ಯಾವನೋ ನೀನು? ಬಿಸಲಾಗ ನಿಂತ ಏನ ಒದರತಿ? ಕೈ ತೊಳಕೊಂಡು ಕುಂದ್ರು."

ಬಸವರಾಜ ಕಾಗದವನ್ನು ಮಡಚಿ ಕಿಸೆಗಿಟ್ಟ. ಆಮೇಲೆ ನಲ್ಲಿಗೆ ಹೋಗಿ ಕೈ ತೊಳೆದ. ತಾಯಿ ಎಡಗೈಯಲ್ಲಿ ಹಾಕಿದ ಅನ್ನದಲ್ಲಿ ಅರ್ಧ ತಾಟಿನ ಹೊರಗೆ ಬಿತ್ತು. ಅವನು ಅದನ್ನೂ ಬಳಿದು ತಿಂದ. ತಲೆ ಎತ್ತದೆ ಲೂಸಿಯನ್ನು ಕೇಳಿದ, "ಮತ್ತ ಬಿದ್ರ?"

"ಬೀಳಬೌದು ರೀ," ಎಂದಳು ಲೂಸಿ. "ನಾ ಬಾಜೂಕ ಇರ್ತೇನಿ. ಬಿದ್ರ ಎಬ್ಬಸ್ತೇನಿ."

ಕಾಶವ್ವ ಮತ್ತೆ ಸಾರು ತಂದಳು. ಅವನು ತಾಟನ್ನು ಎರಡೂ ಕೈಯಿಂದ ಎತ್ತಿ ಅವಳ ಸೌಟಿನ ಹತ್ತಿರ ಹಿಡಿದ.